ಕೇಳದೆ ಕಳಿಸಿದ ಅಳತೆ

ಏಳನೇ ತಿಂಗಳು ತುಂಬುವುದಕ್ಕೆ ಇನ್ನು ಇಪ್ಪತ್ತೆರಡು ದಿನ ಉಳಿದಿದ್ದವು. ಅಳತೆ ಕುಬಸ ಕಳಿಸು ಅಂತ ಶೈಲಾಳನ್ನು ಇನ್ನೂ ಯಾರೂ ಕೇಳಿರಲಿಲ್ಲ.

ಅದೇನು ಅಂಥ ದೊಡ್ಡ ವಿಷಯ ಅಂತ ಬೆಂಗಳೂರಿನವರಿಗೆ ಅನ್ನಿಸಬಹುದು. ಕೆಳಗಿನ ಮನೆಯ ಯಶೋದಮ್ಮನಿಗೂ ಮೊದಲು ತಲೆಬುಡ ತಿಳಿದಿರಲಿಲ್ಲ. ಯಶೋದಮ್ಮ ಅಂದರೆ ಮನೆ ಓನರು. ಗೋವಿಂದರಾಜನಗರದ ಆ ಮೂರಂತಸ್ತಿನ ಕಟ್ಟಡ ಎದ್ದಿರುವ ಜಾಗದಲ್ಲಿ ತಮ್ಮ ಮಾವ ರಾಗಿ ಬೆಳೆಯುತ್ತಿದ್ದರು ಅಂತ, ಬಾಡಿಗೆಗೆ ಬಂದವರಿಗೆಲ್ಲ ಮೊದಲ ದಿನವೇ ಹೇಳಿಬಿಡುವ ಹೆಂಗಸು. ಬಾಯಿ ದೊಡ್ಡದು. ಮನಸ್ಸೂ ಸಣ್ಣದಲ್ಲ.

"ನಮ್ ಕಡೆ ಸೀಮಂತ ಅಂತೀವಿ ಕಣಮ್ಮ. ನಿಮ್ ಕಡೆ ಏನಂತಾರೆ?" ಅಂತ ಒಂದು ಮಧ್ಯಾಹ್ನ ಮೇಲೆ ಹತ್ತಿ ಬಂದು ಕೇಳಿದ್ದರು.

"ಕುಬಸ ಅಂತಾರ್ರಿ ಆಂಟಿ."

"ಕುಬಸ ಅಂದ್ರೆ ರವಿಕೆ ಅಲ್ವೇನೇ?"

"ಹೌದ್ರಿ. ತವರಮನಿಯವ್ರು ಹಸರ ಸೀರಿ, ಹಸರ ಕುಬಸ ತಂದು ಉಡಸ್ತಾರ್ರಿ. ಅದಕ್ಕ ಹಂಗ ಅಂತಾರ."

ಶೈಲಾ ಹೇಳಿದ್ದು ಅಷ್ಟೇ. ಉಳಿದದ್ದನ್ನು ಹೇಳಲು ನಾಲಿಗೆ ಏಳಲಿಲ್ಲ. ಗುಳೇದಗುಡ್ಡದಲ್ಲಿ ಅವಳು ಹುಟ್ಟಿ ಬೆಳೆದ ಓಣಿಯಲ್ಲಿ ಒಂದು ರೂಢಿಯಿತ್ತು. ಕುಬಸಕ್ಕೆ ಬರುತ್ತೇವೆ ಅಂತ ತವರಿನವರು ಬಾಯಿಬಿಟ್ಟು ಹೇಳುವುದಿಲ್ಲ. ಅಳತೆ ಕುಬಸ ಕಳಿಸು ಅನ್ನುತ್ತಾರೆ, ಅಷ್ಟೆ. ಬಸುರಿಯ ಮೈಗೆ ಈಗ ಸರಿಯಾಗಿ ಕೂರುವ ಒಂದು ಕುಬಸ ತವರಿಗೆ ಹೋಗಬೇಕು. ಅದನ್ನು ನೋಡಿ ಹಸಿರು ಕುಬಸ ಹೊಲಿದು, ಎರಡನ್ನೂ ಒಂದರೊಳಗೊಂದು ಮಡಚಿ ಉಡಿಯಲ್ಲಿ ಇಟ್ಟುಕೊಂಡು ಬರುತ್ತಾರೆ. ಅಳತೆ ಕೇಳಿದರೆಂದರೆ ಬಂದಂತೆಯೇ. ಕೇಳಲಿಲ್ಲವೆಂದರೆ, ಇಲ್ಲ. ಐದನೇ ತಿಂಗಳಲ್ಲಿ ಕೇಳಿರಲಿಲ್ಲ. ಒಂಬತ್ತರಲ್ಲಿ ಮಾಡುವವರೂ ಉಂಟು, ಆದರೆ ಅಲ್ಲಿಯವರೆಗೆ ಕಾಯುವಷ್ಟು ಗಟ್ಟಿ ಎದೆ ಅವಳದಲ್ಲ.

"ಸರಿ, ನಿಮ್ಮಮ್ಮ ಯಾವತ್ತು ಬರ್ತಾರೆ?" ಅಂದರು ಯಶೋದಮ್ಮ.

ಆಗಲೇ ನಿಜ ಹೇಳಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಆದರೆ ಬಾಯಿಗೆ ಬಂದದ್ದು ಬೇರೆ. "ಈ ತಿಂಗಳ ಕಡೀ ಶುಕ್ರವಾರ ಬರ್ತಾಳ್ರಿ."

ಮುಗಿಯಿತು. ಯಶೋದಮ್ಮನಿಗೆ ಅಷ್ಟು ಸಿಕ್ಕರೆ ಸಾಕಲ್ಲ! "ಈ ರೂಮಲ್ಲಿ ಎಲ್ಲಿ ಕೂರಿಸ್ತೀಯಾ ಅವರನ್ನೆಲ್ಲ? ನಮ್ ಹಾಲಲ್ಲೇ ಮಾಡೋಣ ಬಿಡು. ಕೋಸಂಬರಿ, ಪುಳಿಯೋಗರೆ ನಾನು ನೋಡ್ಕೋತೀನಿ. ಎದುರುಮನೆ ಲತಾಗೂ ಹೇಳ್ತೀನಿ," ಅನ್ನುತ್ತ ಮೆಟ್ಟಿಲಿಳಿದು ಹೋದರು. ಶೈಲಾ ತನ್ನ ಹೊಲಿಗೆ ಮಷಿನ್ನಿನ ಮುಂದೆ ಕುಳಿತು, ಸೂಜಿಗೆ ದಾರ ಪೋಣಿಸಲಾರದೆ ಮೂರು ಸಲ ಎಂಜಲು ಹಚ್ಚಿದಳು.

ಮಾತಿಗೆ ಜನ ಬೇಕು ಅನ್ನಿಸಿದರೆ ಆ ಮನೆಯಲ್ಲಿ ಗೋಡೆಗಳಿದ್ದವು. ಗಂಡ ಶಿವಯೋಗಿ ಲಗೇಜ್ ಆಟೊ ಓಡಿಸುತ್ತಿದ್ದ. ಬೆಳಗಿನ ಐದಕ್ಕೇ ಕಾಮಾಕ್ಷಿಪಾಳ್ಯದ ಗೋಡೌನಿಗೆ ಹೋದರೆ, ತಿರುಗಿ ಬರುವಷ್ಟರಲ್ಲಿ ಅವನ ಕಣ್ಣು ಅರ್ಧ ಮುಚ್ಚಿರುತ್ತಿತ್ತು. ಒಳ್ಳೆಯವನೇ. ಊಟದ ತಟ್ಟೆ ತಾನೇ ತೊಳೆದಿಡುತ್ತಿದ್ದ, ಹೊಟ್ಟೆಯ ಮೇಲೆ ಕೈಯಿಟ್ಟು "ಏನಂತಾನ ನಮ್ಮ ಸಾಹುಕಾರ?" ಅಂತ ಕೇಳುತ್ತಿದ್ದ, ಉತ್ತರ ಬರುವ ಮೊದಲೇ ಗೊರಕೆ ಹೊಡೆಯುತ್ತಿದ್ದ. ಅವನ ತಾಯಿ ತೀರಿ ಆರು ವರ್ಷ. ಅತ್ತೆಯ ಕಾಟ ಇಲ್ಲದ ಪುಣ್ಯವಂತೆ ಅಂತ ಗಿರಾಕಿಗಳು ನಗುತ್ತಿದ್ದರು. ಕಾಟ ಕೊಡಲಿಕ್ಕಾದರೂ ಒಬ್ಬರು ಇರಬಾರದಿತ್ತೇ ಅಂತ ಶೈಲಾಳಿಗೆ ಅನ್ನಿಸುತ್ತಿತ್ತು. ಆ ಗಿರಾಕಿಗಳೂ ಅಷ್ಟೇ. ಬಾಗಿಲಲ್ಲೇ ನಿಂತು ಬ್ಲೌಸ್ ಪೀಸ್ ಕೊಟ್ಟು, "ಶನಿವಾರಕ್ಕೆ ಬೇಕು ಕಣಮ್ಮ, ಕೈಕೊಡ್ಬೇಡ" ಅಂದು ಸ್ಕೂಟಿ ತಿರುಗಿಸುತ್ತಿದ್ದರು.

ಹೊತ್ತು ಹೋಗಬೇಕಲ್ಲ. ಗಿರಾಕಿಗಳ ಕೆಲಸ ಮುಗಿದ ಮೇಲೆ ಮಗುವಿನ ಕೆಲಸಕ್ಕೆ ಕೂರುತ್ತಿದ್ದಳು. ಹುಟ್ಟುವ ಮೊದಲು ಹೊಸ ಬಟ್ಟೆ ಹೊಲಿಯಕೂಡದು, ಹಳೆಯದೇ ಆಗಬೇಕು ಅಂತ ಯಶೋದಮ್ಮ ಗದರಿದ್ದರು. ಆದರೆ ಹಳೆಯದನ್ನು ಎಲ್ಲಿಂದ ತರುವುದು? ಮೈಮೇಲಿನ ಒಂದು ಚೂಡಿದಾರದಲ್ಲಿ ಊರು ಬಿಟ್ಟವಳು ಅವಳು. ಮೂರು ತಲೆಮಾರು ಉಟ್ಟು ಮೆತ್ತಗಾದ ಸೀರೆ ಟ್ರಂಕಿನಲ್ಲಿ ಇರಬೇಕಾದರೆ, ಮೊದಲು ಟ್ರಂಕು ಇರಬೇಕು. ಕೊನೆಗೆ ಯಶೋದಮ್ಮನೇ ತಮ್ಮ ಎರಡು ಹತ್ತಿ ಸೀರೆ, ಯಜಮಾನರ ಒಂದು ಸವೆದ ಪಂಚೆ ತಂದುಕೊಟ್ಟರು. ಪಂಚೆ ಹರಿದು ಲಂಗೋಟಿಗಳಾದವು. ಸೀರೆಯಲ್ಲಿ ಒಂದು ಕುಂಚಿಗೆ ಹೊಲಿದಳು, ತಲೆಯಿಂದ ಬೆನ್ನಿಗೆ ಇಳಿಬೀಳುವಂಥದು. ಅಂಗೈಯಗಲದ ದಿಂಬಿಗೆ ಸಾಸಿವೆ ತುಂಬಿ ಬಾಯಿ ಹೊಲಿದಳು. ಬ್ಲೌಸುಗಳ ಚೂರುಪಾರು ಸೇರಿಸಿ ಕೌದಿಗೂ ಕೈಹಾಕಿದಳು. ಕೌದಿ ಅಂದರೆ ನಾಲ್ಕು ಮೂಲೆಗೆ ನಾಲ್ಕು ಹೆಂಗಸರು ಕೂತು, ಊರಿನ ಮಂದಿಯನ್ನೆಲ್ಲ ಆಡಿಕೊಳ್ಳುತ್ತ ಹೊಲಿಯುವ ಕೆಲಸ. ಇಲ್ಲಿ ನಾಲ್ಕು ಮೂಲೆಗೂ ಅವಳೊಬ್ಬಳೇ. ಒಂದು ಮೂಲೆ ಮುಗಿಸಿ, ಹೊಟ್ಟೆ ಹಿಡಿದು ಎದ್ದು, ಇನ್ನೊಂದು ಮೂಲೆಗೆ ಹೋಗಿ ಕೂರುತ್ತಿದ್ದಳು.

ತಾಯಿ ಕಸ್ತೂರೆವ್ವನದೂ ಹೊಲಿಗೆಯೇ. ಗಂಡ ಸತ್ತಾಗ ಅವಳ ಸೊಂಟದಲ್ಲಿ ನಾಲ್ಕು ವರ್ಷದ ಶೈಲಾ. ಅಣ್ಣ ಲಿಂಗಪ್ಪ ತಂಗಿಯ ಕೈಬಿಡಲಿಲ್ಲ. ಮನೆಯಲ್ಲಿ ಒಂದು ಕೋಣೆ ಕೊಟ್ಟ, ಹೊಲಿಗೆ ಮಷಿನ್ ಕೊಡಿಸಿದ, ಅವಳು ನಾಲ್ಕು ಜನರೆದುರು ತಲೆಯೆತ್ತಿ ನಡೆಯುವಂತೆ ಮಾಡಿದ. ಆ ಋಣಕ್ಕೆ ಕಸ್ತೂರೆವ್ವ ಒಂದೇ ಒಂದು ಮಾತು ಕೊಟ್ಟಿದ್ದಳು: ಮಗಳು ಅಣ್ಣನ ಮಗ ರುದ್ರಮುನಿಗೆ. ಶೈಲಾ ಆ ಮಾತು ಮುರಿದು, ನೂಲಿನ ಗಾಡಿ ತರುತ್ತಿದ್ದ ಶಿವಯೋಗಿಯ ಜೊತೆ ಬೆಂಗಳೂರಿನ ಬಸ್ಸು ಹತ್ತಿದಳು. ಲಿಂಗಪ್ಪ ಅದೇ ವಾರ ತಂಗಿಯ ಮಷಿನ್ನನ್ನು ಬೀದಿಗಿಟ್ಟ. ಕಸ್ತೂರೆವ್ವ ಬಸ್ ಸ್ಟ್ಯಾಂಡಿನ ಹಿಂದೆ ಬಾಡಿಗೆ ಕೋಣೆ ಹಿಡಿದು, ಮಗಳಿಗೆ ಒಂದೇ ಒಂದು ಸಲ ಫೋನು ಮಾಡಿದಳು.

"ನನ್ನ ತವರಮನಿ ಬಾಗಲಾ ಮುಚ್ಚಿಸಿದಿ. ಇನ್ನ ನಿನಗೂ ತವರಮನಿ ಇಲ್ಲ, ತಿಳ್ಕೊ."

ಅದಾಗಿ ಎರಡು ವರ್ಷ ಮೂರು ತಿಂಗಳು. ಸುಳ್ಳು ಹೇಳಿ ಬೈದಿದ್ದರೆ ಶೈಲಾ ತಿರುಗಿ ಬೈಯುತ್ತಿದ್ದಳು. ಅವ್ವ ಹೇಳಿದ್ದು ನಿಜ ಎಂಬುದೇ ಸಂಕಟ. ಶಿವಯೋಗಿಯನ್ನು ಕಟ್ಟಿಕೊಂಡದ್ದಕ್ಕೆ ಅವಳಿಗೆ ಪಶ್ಚಾತ್ತಾಪ ಇರಲಿಲ್ಲ, ಅವ್ವನ ಮಷಿನ್ ಬೀದಿಗೆ ಬಂದದ್ದು ನೆನೆದರೆ ತನ್ನ ಮಷಿನ್ನಿನ ಮುಂದೆ ಕೂರಲು ಆಗುತ್ತಿರಲಿಲ್ಲ. ಎರಡೂ ಒಟ್ಟಿಗೇ ನಿಜ. ಯಾರಿಗೆ ಹೇಳುವುದು?

ಅಂಥದ್ದರಲ್ಲಿ ಹಾಲವ್ವ ಊರಿಗೆ ಹೊರಟಳು. ಹಾಲವ್ವ ಗುಳೇದಗುಡ್ಡದ ಅದೇ ಓಣಿಯವಳು. ಚಂದ್ರಾ ಲೇಔಟಿನಲ್ಲಿ ಮೂರು ಮನೆ ಕೆಲಸ ಮಾಡಿಕೊಂಡಿದ್ದಳು. ಶೈಲಾ ಬಸುರಿ ಅನ್ನುವ ಸುದ್ದಿಯನ್ನು ಫೋನಿನಲ್ಲಿ ಊರಿಗೆಲ್ಲ ಡಂಗುರ ಹೊಡೆದವಳೂ ಅವಳೇ. ತಮ್ಮನ ಹೊಸ ಮನೆಯ ವಾಸ್ತುಶಾಂತಿ ಅಂತ ಹತ್ತು ದಿನಕ್ಕೆ ಹೋಗುವವಳಿದ್ದಳು. ಕಡೆಯ ಶುಕ್ರವಾರದ ಹಿಂದಿನ ದಿನ ವಾಪಸು.

ಶೈಲಾಳ ತಲೆಗೆ ಆಗ ಹೊಕ್ಕಿತು ನೋಡಿ, ಯಾರೂ ಮಾಡದ ಒಂದು ವಿಚಾರ. ಅವರು ಕೇಳದಿದ್ದರೇನು, ತಾನೇ ಕಳಿಸಿದರೆ?

ಎರಡು ದಿನ ಗಿರಾಕಿಗಳ ಕೆಲಸಕ್ಕೆ ಕೈ ಹಚ್ಚಲಿಲ್ಲ. ಇದ್ದ ಹಳೆಯದೊಂದನ್ನು ಪಕ್ಕ ಬಿಚ್ಚಿ ಸಡಿಲಿಸಿ ಕಳಿಸಬಹುದಿತ್ತು, ಅಳತೆಗೆ ಅಷ್ಟು ಸಾಕು. ಅವಳಿಗೆ ಸಾಕಾಗಲಿಲ್ಲ. ಅವ್ವ ತನ್ನ ಕೈಕೆಲಸ ನೋಡಬೇಕು, ನೋಡಿ ಒಂದು ಗಳಿಗೆಯಾದರೂ ಮರುಗಬೇಕು. ನೇರಳೆ ಬಣ್ಣದ ರೇಷ್ಮೆ ತುಂಡೊಂದನ್ನು ಜೋಪಾನ ಮಾಡಿಟ್ಟಿದ್ದಳು, ಅದನ್ನೇ ತೆಗೆದಳು. ಕನ್ನಡಿಯ ಮುಂದೆ ನಿಂತು ಟೇಪು ಹಿಡಿದು ತನ್ನನ್ನು ತಾನೇ ಅಳೆದುಕೊಂಡಳು. ಎದೆ ನಾಲ್ಕು ಇಂಚು ಹೆಚ್ಚಿತ್ತು. ಪ್ರಿನ್ಸೆಸ್ ಕಟ್ಟು, ಕೊರಳಿಗೆ ಬಂಗಾರದ ಬಣ್ಣದ ಪೈಪಿಂಗು, ಬೆನ್ನಿಗೆ ಎಲೆಯಾಕಾರದ ಕಿಟಕಿ, ಅದರ ಕೆಳಗೆ ಹುಕ್ಕು. ವಿಜಯನಗರದ ದೊಡ್ಡ ಬೊಟಿಕ್ಕಿನಲ್ಲಿ ಹೊಲಿಯುವಂಥದೇ.

ಹಾಕಿ ನೋಡಬೇಕು. ಹುಕ್ಕು ಹಿಂದೆ. ಕೈ ಎಷ್ಟು ತಿರುವಿದರೂ ಎಟುಕದು. ಕೊನೆಗೆ ಸೆರಗು ಹೊದ್ದುಕೊಂಡು ಕೆಳಗಿಳಿದು ಯಶೋದಮ್ಮನಿಗೆ ಬೆನ್ನು ಕೊಟ್ಟು ನಿಂತಳು.

"ಅಯ್ಯೋ ನಿನ್ನ! ಏನೇ ಇದು, ಸಿನಿಮಾದವರ ಹಂಗೆ! ದಿನಾ ಬೆಳಗಾದ್ರೆ ಹುಕ್ ಹಾಕೋಕೆ ನನ್ನನ್ನ ಕರೀತೀಯಾ?" ಅಂತ ನಗುತ್ತಲೇ ಹಾಕಿಕೊಟ್ಟರು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ಕೈಲಿ ಕಲೆ ಇದೆ ಕಣೇ. ಯಾರು ಕಲಿಸಿದ್ದು?" ಅಂದರು.

"ನಮ್ಮವ್ವ," ಅಂದಳು ಶೈಲಾ. ಅವಳ ಕಣ್ಣು ತುಂಬಿದ್ದು ಬೆನ್ನ ಹಿಂದಿದ್ದ ಯಶೋದಮ್ಮನಿಗೆ ಕಾಣಲಿಲ್ಲ.

ಹಾಲವ್ವ ಮಾತ್ರ ಪೊಟ್ಟಣ ನೋಡಿದ್ದೇ ಹಣೆ ಚಚ್ಚಿಕೊಂಡಳು. "ಹುಚ್ಚೀ ಏನ ನೀ? ಕೇಳದ ಅಳತಿ ಯಾರರ ಕಳಸ್ತಾರೇನ? ತವರಮನಿ ಬಾಗಲಾಗ ಸೆರಗ ಒಡ್ಡಿ ನಿಂತಂಗ ಆಗ್ತೈತಿ!"

"ನಿಂತಿದ್ದು ಖರೇನ ಐತಿ ಬಿಡಕ್ಕಾ. ಒಯ್ಯಿ."

"ಏನರ ಹೇಳೂದೈತೇನು?"

ಶೈಲಾ ಪೊಟ್ಟಣದ ದಾರ ಇನ್ನೊಮ್ಮೆ ಬಿಗಿದಳು. ತಪ್ಪಾತು ಅಂತ ಹೇಳು ಅನ್ನಬೇಕೆಂದುಕೊಂಡಳು. ಹಾಗಂದರೆ ಶಿವಯೋಗಿಯೂ ಆ ತಪ್ಪಿನೊಳಗೆ ಸೇರಿಬಿಡುತ್ತಾನೆ, ಹೊಟ್ಟೆಯಲ್ಲಿರುವುದೂ ಸೇರಿಬಿಡುತ್ತದೆ. "ಏನೂ ಬ್ಯಾಡ. ಶುಕ್ರವಾರ ಅಂತ ಅಷ್ಟ ಹೇಳು," ಅಂದಳು.

ಹತ್ತು ದಿನ ಹೇಗೆ ಕಳೆದವೋ ಆ ಪರಮಾತ್ಮನಿಗೇ ಗೊತ್ತು. ಅತ್ತ ಯಶೋದಮ್ಮ ಶಾಮಿಯಾನದವರಿಂದ ಹನ್ನೆರಡು ಕುರ್ಚಿ ಗೊತ್ತುಮಾಡಿದರು. ಇತ್ತ ಶೈಲಾ ಫೋನನ್ನು ಮಷಿನ್ನಿನ ಮೇಲಿಟ್ಟುಕೊಂಡು, ಅದು ಅಲುಗಿದಾಗಲೆಲ್ಲ ಪೆಡಲಿನಿಂದ ಕಾಲು ತೆಗೆಯುತ್ತಿದ್ದಳು. ಬರುತ್ತಿದ್ದದ್ದು ಶನಿವಾರದ ಗಿರಾಕಿಗಳ ಫೋನು. ಒಂದು ದಿನ ಮಷಿನ್ ತುಳಿಯುವಾಗ ಮಗು ಒಳಗಿನಿಂದ ಎಂಥ ಒದೆ ಕೊಟ್ಟಿತೆಂದರೆ, "ಅವ್ವಾ!" ಅಂದುಬಿಟ್ಟಳು. ಖಾಲಿ ಮನೆಯಲ್ಲಿ ಆ ದನಿ ಅವಳಿಗೇ ಬೇರೆ ಯಾರದೋ ಅನ್ನಿಸಿ, ಮಷಿನ್ನಿನ ಮೇಲೆ ತಲೆಯಿಟ್ಟು ಅತ್ತಳು.

ಶಿವಯೋಗಿಗೆ ಗೊತ್ತಾಗದೇ ಇರುತ್ತದೆಯೇ? ಬುಧವಾರ ಊಟಕ್ಕೆ ಕೂತವನು ಮೆಲ್ಲಗೆ ತೆಗೆದ. "ಶೈಲಾ, ಅವ್ರು ಬರಲಿಲ್ಲಂದ್ರ ನಾನ ಒಂದ ಹಸರ ಸೀರಿ ತರ್ತೀನಿ. ಚಿಕ್ಕಪೇಟಿಗೆ ನಾಳೆ ಲೋಡ್ ಐತಿ."

"ನೀವ್ ತಂದ್ರ ಅದು ಸೀರಿ ಆಗ್ತೈತ್ರಿ. ಅವ್ವ ತಂದ್ರ ಕುಬಸ."

ಅಂದ ಮೇಲೆ ಅವಳಿಗೇ ಕೆಡುಕೆನಿಸಿತು. ಅವನು ತುತ್ತು ಬಾಯಿಗಿಟ್ಟುಕೊಂಡು, "ಖರೇ ಐತಿ," ಅಂದ.

ಗುರುವಾರ ಮಧ್ಯಾಹ್ನ ಹಾಲವ್ವ ಬಂದಳು. ಬಸ್ಸಿನ ಧೂಳಿನ್ನೂ ಮೈಮೇಲಿತ್ತು. ಕೈಯಲ್ಲಿ ಬಟ್ಟೆಯ ಚೀಲ. ಶೈಲಾಳ ಕಣ್ಣು ಚೀಲ ಬಿಟ್ಟು ಕದಲಲಿಲ್ಲ.

"ಅಳತಿ ಕುಬಸ ಕೊಟ್ಟೆ. ಮಷಿನ್ ಮುಂದ ಕುಂತಿದ್ಲು. ಅದನ್ನ ಮುಟ್ಟಲಿಲ್ಲ. ಇಟ್ಟು ಹೋಗು ಅಂದ್ಲು," ಅಂದಳು ಹಾಲವ್ವ. "ನಿನ್ನೆ ಬಸ್ ಹತ್ತಾಕ ಹೊಂಟಾಗ ತಾನ ಸ್ಟ್ಯಾಂಡಿಗೆ ಬಂದು ಇದನ್ನ ಕೊಟ್ಲು ನೋಡು."

"ಏನಂದ್ಲು?"

"ಏನೂ ಅನ್ನಲಿಲ್ಲ ತಂಗಿ. ಸೊರಗ್ಯಾಳ. ಚಷ್ಮಾ ಬಂದೈತಿ."

ಹಾಲವ್ವನಿಗೆ ಕೆಲಸದ ಮನೆಯವರ ಭಯ. ನೀರು ಕುಡಿದು ಓಡಿದಳು. ಶೈಲಾ ಬಾಗಿಲು ಹಾಕಿ, ಚಾಪೆಯ ಮೇಲೆ ಕೂತು, ಚೀಲಕ್ಕೆ ಕೈಹಾಕಿದಳು. ನೇರಳೆ ಬಣ್ಣ ಕಂಡಿತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಕೈಹಾಕಿದಳು. ಚೀಲ ಬೋರಲು ಹಾಕಿದಳು, ಒಳಗಿನದನ್ನು ಹೊರಗೆ ಮಾಡಿ ಕೊಡವಿದಳು. ಒಂದು ಎಳೆ ದಾರ ಉದುರಿತು.

ಹಸಿರು ಇರಲಿಲ್ಲ.

ಅಳತೆಯದು ಒಂಟಿಯಾಗಿ ತಿರುಗಿ ಬಂದಿತ್ತು. ಅದರರ್ಥವನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವಳು ಅಳಲಿಲ್ಲ. ಸೆರಗೊಡ್ಡಿ ನಿಂತದ್ದಕ್ಕೆ ಆದದ್ದೇ ಆಯಿತು, ಹಾಳಾಗಿ ಹೋಗಲಿ ಅಂತ ಆ ಕುಬಸವನ್ನು ಮಂಚದ ಕೆಳಗೆಸೆಯಲು ಎತ್ತಿದಳು. ಬೆನ್ನಿನ ಭಾಗ ಕೈಗೆ ನುಣ್ಣಗೆ ಹತ್ತಿತು. ಹುಕ್ಕುಗಳೇ ಇಲ್ಲ.

ಬಿಡಿಸಿ ಹರವಿದಳು. ಹಿಂದಿನ ಹುಕ್ಕು ಕಾಜಾಗಳನ್ನೆಲ್ಲ ಬಿಚ್ಚಿ ತೆಗೆದು, ಬೆನ್ನನ್ನು ಮುಚ್ಚಿ ಹೊಲಿದಾಗಿತ್ತು. ಆ ಎಲೆಯಾಕಾರದ ಕಿಟಕಿಯೂ ಒಳಗಿನಿಂದ ಕೊಟ್ಟ ತುಂಡಿನಲ್ಲಿ ಮಾಯ. ಮುಂಭಾಗವನ್ನು ಕೊರಳಿನಿಂದ ಕೆಳಗಿನವರೆಗೆ ನಟ್ಟನಡುವೆ ಕತ್ತರಿಸಿ, ಪಟ್ಟಿ ಕೊಟ್ಟು, ಆರು ಹುಕ್ಕು ಹಚ್ಚಲಾಗಿತ್ತು. ಒಂದೊಂದು ಹುಕ್ಕಿಗೂ ಕಿತ್ತರೆ ಬಟ್ಟೆ ಹರಿಯಬೇಕೇ ಹೊರತು ಹುಕ್ಕು ಬಾರದಷ್ಟು ದಾರ. ಎರಡು ಪಕ್ಕದ ಹೊಲಿಗೆಯನ್ನು ಎರಡೆರಡು ಬೆರಳು ಸಡಿಲಿಸಲಾಗಿತ್ತು. ಅವ್ವನ ಕೈ ಅದು. ಲಕ್ಷ ಹೊಲಿಗೆಯ ನಡುವೆ ಇಟ್ಟರೂ ಶೈಲಾ ಗುರುತಿಸುತ್ತಿದ್ದಳು.

ಮಗುವಿಗೆ ಹಾಲು ಕುಡಿಸಬೇಕಾದರೆ ಕುಬಸ ಮುಂದೆ ಬಿಚ್ಚಬೇಕು. ಅರ್ಧ ಗೋವಿಂದರಾಜನಗರಕ್ಕೆ ರವಿಕೆ ಹೊಲಿದವಳಿಗೆ, ಲಂಗೋಟಿ ಕುಂಚಿಗೆ ದಿಂಬು ಎಲ್ಲವನ್ನೂ ಎಣಿಸಿ ಎಣಿಸಿ ಹೊಲಿದಿಟ್ಟವಳಿಗೆ, ಅದೊಂದು ಹೊಳೆದಿರಲಿಲ್ಲ. ಹೊಳೆಯುವಂತೆ ಹೇಳುವವರು ಹತ್ತಿರ ಇರಲಿಲ್ಲ. ಆಗ ಬಂತು ಅಳು. ಕುಬಸವನ್ನು ಬಾಯಿಗೆ ಒತ್ತಿಕೊಂಡು ಅತ್ತಳು, ಮಷಿನ್ ಎಣ್ಣೆಯ ವಾಸನೆ ಬರುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆಲ್ಲ ಯಶೋದಮ್ಮ ಮೇಲೆ ಬಂದರು. ಕೈಯಲ್ಲಿ ಮಲ್ಲಿಗೆಯ ಕವರು, ಉಟ್ಟದ್ದು ಮೈಸೂರು ಸಿಲ್ಕು. ಕೆಳಗಿನಿಂದ ಕುರ್ಚಿ ಎಳೆಯುವ ಸದ್ದು ಕೇಳುತ್ತಿತ್ತು. ಶೈಲಾ ಮಿಂದು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ನೇರಳೆ ಕುಬಸ ತೊಟ್ಟು ಮಷಿನ್ನಿನ ಹತ್ತಿರ ಕೂತಿದ್ದಳು.

"ಬಾರಮ್ಮ, ಹುಕ್ ಹಾಕ್ಲಾ?" ಅಂದರು ಯಶೋದಮ್ಮ. "ನಿಮ್ಮಮ್ಮ ಎಷ್ಟೊತ್ತಿಗೆ ಬರ್ತಾರೆ? ಪುಳಿಯೋಗರೆ ಕಲಸೋಕೆ ಶುರು ಮಾಡ್ಬೇಕು."

"ಬರಂಗಿಲ್ರಿ ಆಂಟಿ."

"ಬರಲ್ವಾ? ಫೋನ್ ಬಂತಾ?"

"ಇಲ್ರಿ."

"ಮತ್ತೆ ಹೆಂಗೆ ಗೊತ್ತು ನಿನಗೆ?"

"ಹುಕ್ಕ ಮುಂದ ಹಚ್ಚಿ ಕಳಿಸ್ಯಾಳ್ರಿ."

ಯಶೋದಮ್ಮನಿಗೆ ಅರ್ಥವಾಗಲಿಲ್ಲ. ಹೂವಿನ ಕವರು ಹಿಡಿದುಕೊಂಡು, ಅವಳ ಬೆನ್ನನ್ನೂ ಎದೆಯನ್ನೂ ಬದಲಿಸಿ ಬದಲಿಸಿ ನೋಡಿದರು. ಶೈಲಾ ಸೆರಗು ಸರಿಸಿ, ಆರು ಹುಕ್ಕನ್ನೂ ತೋರಿಸಿದಳು.

"ಮಗ್ಗಲದಾಗ ಯಾರೂ ಇರಂಗಿಲ್ಲಂತ ಆಕಿಗೆ ಗೊತ್ತೈತ್ರಿ," ಅಂದಳು. "ಒಬ್ಬಾಕೀನ ಹಾಕ್ಕೊಳ್ಳಾಕ ಬರ್ಬೇಕಲ್ರಿ."